ಅಟ್ಟದ ಮೇಲಿನ ಲೆಕ್ಕಪುಸ್ತಕ

ಎಂ.ಬಿ.ಎ. ತರಗತಿಯ ಕೊನೆಯ ವರ್ಷ ನಾನೂ ಒಂದು ಪ್ರೌಢಪ್ರಬಂಧ ಬರೆದೆ. ಮಲೆನಾಡಿನ ಅಡಕೆ ಮಂಡಿಗಳು ಬೆಳೆಗಾರರಿಗೆ ಕೊಡುತ್ತಿದ್ದ ಮುಂಗಡ ಸಾಲವೇ ಅದರ ವಿಷಯ. ನಮ್ಮ ತಂದೆಯವರು ಮೂವತ್ತು ವರ್ಷ ಮಂಡಿ ನಡೆಸಿದವರು. ಆದ್ದರಿಂದ ಸಾಮಗ್ರಿಗೇನೂ ಬರವಿಲ್ಲವೆಂದು ನನ್ನ ಎಣಿಕೆ. ಊರಿಗೆ ಹೋಗಿ ಅಟ್ಟ ಹತ್ತಿದೆ. ಅಲ್ಲಿ ಇದ್ದದ್ದು ಧೂಳು ಮಾತ್ರ. ಆಗ ನೆನಪಾಯಿತು: ತಂದೆ ತೀರಿಕೊಂಡ ಮೇಲೆ ಮನೆಗೆ ಸುಣ್ಣ ಬಳಿಸುವಾಗ, ಕೆಂಪು ಬಟ್ಟೆಯ ರಟ್ಟಿನ ಆ ಕಿರ್ದಿ ಖಾತೆ ಪುಸ್ತಕಗಳನ್ನೆಲ್ಲ ಹಳೇ ಕಾಗದದವನಿಗೆ ತೂಕಕ್ಕೆ ಹಾಕಿದ್ದೆವು. “ಅಪ್ಪನ ಕೈಬರಹ ಕಣೋ, ಒಂದಾದರೂ ಇರಲಿ” ಎಂದಿದ್ದಳು ಅಮ್ಮ. “ಗೆದ್ದಲು ಹಿಡಿಯುತ್ತಮ್ಮ” ಎಂದು ತಕ್ಕಡಿಯ ಮುಳ್ಳು ನೋಡುತ್ತ ನಿಂತಿದ್ದವನು ನಾನೇ.

ಬೇರೆ ದಾರಿಯಿಲ್ಲದೆ ಪ್ರಶ್ನಾವಳಿ ಅಚ್ಚು ಮಾಡಿಸಿ ಮಂಡಿಯಿಂದ ಮಂಡಿಗೆ ಅಲೆದೆ. ವರ್ತಕರು ಕಾಫಿಯನ್ನು ಧಾರಾಳವಾಗಿ ಕೊಟ್ಟರು, ಉತ್ತರವನ್ನು ಅಳೆದು ಕೊಟ್ಟರು. ಹೇಗೋ ಕೋಷ್ಟಕಗಳು ಸಿದ್ಧವಾದವು, ರಟ್ಟು ಕಟ್ಟಿಸಿದ್ದೂ ಆಯಿತು. ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ನನ್ನ ಮುನ್ನುಡಿ ಓದಿ ಒಂದು ಪ್ರಶ್ನೆ ಕೇಳಿದರು: “ಕೊಳೆರೋಗ ಬಂದು ಬೆಳೆ ಹೋದ ವರ್ಷ ನಿಮ್ಮ ತಂದೆಯವರು ಆ ಸಾಲವನ್ನು ಏನು ಮಾಡುತ್ತಿದ್ದರು?”

ನನಗೆ ಗೊತ್ತಿರಲಿಲ್ಲ. ಪದವಿಯೇನೋ ಬಂತು, ಪ್ರಶ್ನೆ ಉಳಿದುಕೊಂಡಿತು.

ಕೆಲವು ವರ್ಷಗಳ ಮೇಲೆ, ಆಲ್ಫ್ರೆಡ್ ಚಾಂಡ್ಲರ್ ಎಂಬ ಅಮೆರಿಕದ ಇತಿಹಾಸಕಾರನ ವೃತ್ತಾಂತ ಓದುವಾಗ ಆ ಪ್ರಶ್ನೆ ಮತ್ತೆ ಎದ್ದು ನಿಂತಿತು. ಚಾಂಡ್ಲರ್ ಹುಟ್ಟಿದ್ದು ೧೯೧೮ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದು, ಯುದ್ಧ ಮುಗಿದ ಮೇಲೆ ಮತ್ತೆ ವಿದ್ಯಾರ್ಥಿಯಾದವನು. ಹಾರ್ವರ್ಡ್‌ನಲ್ಲಿ ಡಾಕ್ಟರೇಟಿಗಾಗಿ ಓದುತ್ತಿದ್ದಾಗ ಅವನಿಗೆ ವಯಸ್ಸಾದ ಬಂಧುವೊಬ್ಬರ ಮನೆಯ ಉಗ್ರಾಣದಲ್ಲಿ ತನ್ನ ಮುತ್ತಜ್ಜನ ಕಾಗದಪತ್ರಗಳು ಸಿಕ್ಕಿದವು. ಮುತ್ತಜ್ಜ ತೀರಿಕೊಂಡದ್ದು ೧೯೦೫ರಲ್ಲಿ. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಆ ಮನೆತನದವರು ಯಾರೂ ಅವನ್ನು ತಕ್ಕಡಿಗೆ ಹಾಕಿರಲಿಲ್ಲ!

ಆ ಮುತ್ತಜ್ಜನ ಹೆಸರು ಹೆನ್ರಿ ವಾರ್ನಮ್ ಪೂರ್. ಹೆಸರು ಕೇಳಿ ಬಡವನೆಂದು ತಿಳಿಯಬೇಡಿ. ದೇಶದೇಶಗಳ ಸಾಲದ ಯೋಗ್ಯತೆಯನ್ನು ಅಳೆಯುವ ‘ಸ್ಟ್ಯಾಂಡರ್ಡ್ ಅಂಡ್ ಪೂರ್ಸ್’ ಸಂಸ್ಥೆಯ ಹೆಸರಿನಲ್ಲಿರುವ ಪೂರ್ ಇವನೇ. ೧೮೪೯ರಿಂದ ಇವನು ರೈಲ್ವೆಯ ಪತ್ರಿಕೆಯೊಂದಕ್ಕೆ ಸಂಪಾದಕನಾಗಿದ್ದ. ಆಗ ಅಮೆರಿಕದ ರೈಲುಮಾರ್ಗಗಳಿಗೆ ಹಣ ಹಾಕುತ್ತಿದ್ದವರಲ್ಲಿ ಅನೇಕರು ಆ ಹಳಿಗಳನ್ನು ಕಣ್ಣಿಂದ ಕಂಡವರಲ್ಲ. ಹಾದಿಯ ಉದ್ದವೆಷ್ಟು, ಖರ್ಚೆಷ್ಟು, ಆದಾಯವೆಷ್ಟು, ಸಾಲವೆಷ್ಟು ಎಂಬುದನ್ನು ಬಹಿರಂಗಪಡಿಸಿ ಎಂದು ಪೂರ್ ಕಂಪನಿಗಳನ್ನು ಬಿಡದೆ ಕಾಡಿದ. ೧೮೬೮ರಿಂದ ಮಗನ ಜೊತೆಗೂಡಿ ಆ ಅಂಕಿಗಳನ್ನು ಕೈಪಿಡಿಯಾಗಿ ಹೊರತಂದ.

ಇಂಥ ಕಾಗದಗಳು ಇನ್ನೊಬ್ಬನ ಕೈಗೆ ಸಿಕ್ಕಿದ್ದರೆ ವಂಶದ ಕೀರ್ತಿಯ ಕಥೆಯೊಂದು ಹೊರಬರುತ್ತಿತ್ತೇನೋ. ಆ ಕಾಲದಲ್ಲಿ ಉದ್ಯಮಿಗಳ ಚರಿತ್ರೆ ಬರೆಯುವವರಿಗೆ ಎರಡೇ ದಾರಿ: ಅವರನ್ನು ದರೋಡೆಕೋರರೆಂದು ಬಯ್ಯುವುದು, ಇಲ್ಲವೇ ದೇಶ ಕಟ್ಟಿದವರೆಂದು ಹೊಗಳುವುದು. ಚಾಂಡ್ಲರ್ ಬೇರೊಂದು ಪ್ರಶ್ನೆ ಕೇಳಿದ: ಇಷ್ಟು ದೊಡ್ಡ ವ್ಯವಹಾರವನ್ನು ದಿನದಿನವೂ ನಡೆಸುತ್ತಿದ್ದವರು ಯಾರು? ಹೇಗೆ ನಡೆಸಿದರು?

ಉತ್ತರವಿದ್ದದ್ದು ರೈಲಿನಲ್ಲಿ. ಮ್ಯಾಸಚೂಸೆಟ್ಸ್‌ನ ವೆಸ್ಟರ್ನ್ ರೈಲುಮಾರ್ಗದಲ್ಲಿ ೧೮೪೧ರ ಅಕ್ಟೋಬರ್ ೫ರಂದು ಎರಡು ಪ್ರಯಾಣಿಕರ ಗಾಡಿಗಳು ಎದುರುಬದುರಾಗಿ ಡಿಕ್ಕಿ ಹೊಡೆದು ಇಬ್ಬರು ಸತ್ತರು. ಯಾವ ಕೆಲಸಕ್ಕೆ ಯಾರು ಹೊಣೆ, ಯಾರು ಯಾರಿಗೆ ವರದಿ ಒಪ್ಪಿಸಬೇಕು ಎಂಬುದನ್ನು ಆ ಕಂಪನಿ ಬರೆದಿಟ್ಟದ್ದು ಅನಂತರ. ೧೮೫೦ರ ದಶಕದಲ್ಲಿ ಈರಿ ರೈಲ್ವೆಯ ಮೇಲ್ವಿಚಾರಕ ಡೇನಿಯಲ್ ಮೆಕ್ಯಾಲಮ್ ಇನ್ನೊಂದು ಸತ್ಯ ಕಂಡ: ಐವತ್ತು ಮೈಲಿಯ ಹಾದಿಯನ್ನು ಒಬ್ಬ ಯಜಮಾನ ಸ್ವತಃ ನೋಡಿಕೊಳ್ಳಬಲ್ಲ; ಐನೂರು ಮೈಲಿಯ ಹಾದಿಗೆ ಯಜಮಾನನ ಕಣ್ಣು ಸಾಲದು, ವ್ಯವಸ್ಥೆ ಬೇಕು. ಇದನ್ನು ತನ್ನ ಪತ್ರಿಕೆಯಲ್ಲಿ ಮೆಚ್ಚಿ ಸಾರಿದವನು ಪೂರ್. ಮನುಷ್ಯನನ್ನು ಯಂತ್ರದಂತೆ ನಡೆಸಹೊರಟರೆ ಅವನ ಉತ್ಸಾಹ ಬತ್ತೀತೆಂದು ಮುಂದೆ ಶಂಕಿಸಿದವನೂ ಅವನೇ. ನಮ್ಮ ಪಠ್ಯಪುಸ್ತಕಗಳಲ್ಲಿ ನಿರ್ವಹಣಾಶಾಸ್ತ್ರವೆಂದು ನಾವು ಉರುಹೊಡೆದದ್ದರ ಬೇರು ಎಷ್ಟು ಹಿಂದಿನದು ನೋಡಿ!

೧೯೫೨ರಲ್ಲಿ ಚಾಂಡ್ಲರನಿಗೆ ಡಾಕ್ಟರೇಟ್ ಬಂತು. ಮುತ್ತಜ್ಜನ ಮೇಲಿನ ಪ್ರಬಂಧ ೧೯೫೬ರಲ್ಲಿ ಪುಸ್ತಕವಾಯಿತು. ಅಲ್ಲಿ ಹಿಡಿದ ಎಳೆಯನ್ನು ಅವನು ಮುಂದೆ ಬಿಡಲಿಲ್ಲ. ೧೯೬೨ರಲ್ಲಿ ಡ್ಯೂಪಾಂಟ್, ಜನರಲ್ ಮೋಟಾರ್ಸ್ ಮೊದಲಾದ ನಾಲ್ಕು ಸಂಸ್ಥೆಗಳ ಒಳರಚನೆಯನ್ನು ಕುರಿತ ಗ್ರಂಥ. ೧೯೭೭ರಲ್ಲಿ ‘ದಿ ವಿಸಿಬಲ್ ಹ್ಯಾಂಡ್’. ಮಾರುಕಟ್ಟೆಯನ್ನು ನಡೆಸುವುದು ಕಾಣದ ಕೈ ಎಂದು ಆಡಂ ಸ್ಮಿತ್ ಹೇಳಿದ್ದನಷ್ಟೆ. ದೊಡ್ಡ ಉದ್ಯಮದಲ್ಲಿ ಆ ಕೆಲಸವನ್ನು ಸಂಬಳದ ವ್ಯವಸ್ಥಾಪಕನ ಕಾಣುವ ಕೈ ವಹಿಸಿಕೊಂಡಿತೆಂದು ಇವನ ವಾದ. ಅದಕ್ಕೆ ೧೯೭೮ರಲ್ಲಿ ಪುಲಿಟ್ಜರ್ ಬಹುಮಾನ ಬಂತು. ೨೦೦೭ರಲ್ಲಿ ಅವನು ತೀರಿಕೊಳ್ಳುವ ಹೊತ್ತಿಗೆ, ವ್ಯಾಪಾರದ ಇತಿಹಾಸವೆಂಬುದು ಅವನನ್ನು ಒಪ್ಪಿಯೋ ಎದುರಿಸಿಯೋ ಬರೆಯಬೇಕಾದ ಶಾಸ್ತ್ರವಾಗಿತ್ತು.

ಇದನ್ನೆಲ್ಲ ಓದಿ ನನ್ನನ್ನು ಚಾಂಡ್ಲರನ ಪಕ್ಕದಲ್ಲಿ ಕೂರಿಸಿಕೊಳ್ಳುವಷ್ಟು ಮರುಳು ನನಗಿಲ್ಲ. ಕಾಗದ ಉಳಿದಿದ್ದರೂ ಅವನ ಪ್ರಶ್ನೆ ನನಗೆ ಹೊಳೆಯುತ್ತಿರಲಿಲ್ಲ. ನನ್ನ ಸಂಕಟ ಚಿಕ್ಕದು. ಊರಿಗೆ ಹೋದಾಗ ಕೆಲವು ಮನೆಗಳವರು ಇಂದಿಗೂ “ಮಂಡಿ ಸಾಹುಕಾರರ ಮಗ” ಎಂದು ಕರೆದು ಊಟ ಹಾಕುತ್ತಾರೆ. ಕೆಲವರು ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಕೊಳೆರೋಗದ ವರ್ಷ ತಂದೆಯವರು ಬಾಕಿಯನ್ನು ಮುಂದಿನ ವರ್ಷದ ಪುಟಕ್ಕೆ ಎಳೆದರೋ, ತೋಟ ಬರೆಸಿಕೊಂಡರೋ? ಯಾರಿಗೆ ಎಳೆದರು, ಯಾರಿಂದ ಬರೆಸಿಕೊಂಡರು? ಊಟಕ್ಕೂ ಮುನಿಸಿಗೂ ಕಾರಣ ಆ ಪುಸ್ತಕಗಳಲ್ಲಿತ್ತು. ಅದನ್ನು ಕಿಲೋ ಲೆಕ್ಕದಲ್ಲಿ ಮಾರಿದ್ದೇನೆ.

ದೀಪಾವಳಿಗೆ ಲೆಕ್ಕದ ಪುಸ್ತಕಕ್ಕೆ ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡುವ ಜನ ನಾವು. ಹೊಸ ಪುಸ್ತಕಕ್ಕೆ ಪೂಜೆ, ಹಳೆಯದಕ್ಕೆ ತಕ್ಕಡಿ. ನಿಮ್ಮ ಮನೆಯ ಅಟ್ಟದಲ್ಲಿ ಅಂಥ ಗಂಟೊಂದಿದ್ದರೆ, ಈ ಸಲ ಸುಣ್ಣ ಬಳಿಸುವ ಮೊದಲು ಇಳಿಸಿ ಒಂದೆರಡು ಪುಟ ಓದಿ. ಆಮೇಲೂ ಮಾರಬೇಕೆನ್ನಿಸಿದರೆ ಮನೆಯಲ್ಲಿ ಅಮ್ಮನನ್ನೊಮ್ಮೆ ಕೇಳಿ.