ಮೂರು ವರ್ಷದ ಸಾಲ

ಕೈಸಾಲ ಕೊಟ್ಟು ಮೂರು ವರ್ಷ ಸುಮ್ಮನಿದ್ದರೆ ಆಮೇಲೆ ಕೋರ್ಟು ಕೇಳೋದಿಲ್ಲ ಅನ್ನೋ ಮಾತು ನೀವೂ ಕೇಳಿರ್ತೀರಿ. ಈ ಮೂರು ವರ್ಷ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ಒಂದು ದಂಗೆಯೇ ಎದುರಾಯಿತು.

ಹಿಂದೂ ಕಾನೂನಿನಲ್ಲಿ ಅಪ್ಪನ ಸಾಲ ತೀರಿಸುವುದು ಮಗನ ಧರ್ಮವಾಗಿತ್ತು. ಆದರೆ ಅದಕ್ಕೂ ಒಂದು ಲಗಾಮಿತ್ತು. ಅದರ ಹೆಸರು ದಾಮ್‌ದುಪ್ಪಟ್. ಒಂದೇ ಸಲಕ್ಕೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರುವಂತಿಲ್ಲ. ಮುಂಬಯಿ ಪ್ರಾಂತ್ಯದ ಕೋರ್ಟುಗಳೂ ಇದನ್ನು ಒಪ್ಪಿದ್ದವು. ನಮ್ಮ ಧಾರವಾಡ, ಬೆಳಗಾವಿ ಆಗ ಇದೇ ಪ್ರಾಂತ್ಯದಲ್ಲಿದ್ದವು.

1859ರಲ್ಲಿ ಬ್ರಿಟಿಷರು ಕಾಲಮಿತಿ ಕಾಯ್ದೆ ತಂದರು. ಸಾಮಾನ್ಯ ಸಾಲಪತ್ರಕ್ಕೆ ಮೂರೇ ವರ್ಷ ಆಯಸ್ಸು. ಬಡ್ಡಿ ಬೆಳೆಯದಿರಲಿ, ರೈತ ಉಳಿಯಲಿ ಅನ್ನೋದು ಲೆಕ್ಕಾಚಾರ. ಆದರೆ ಸಾಹುಕಾರ ಸುಮ್ಮನೆ ಕೂರ್ತಾನಾ? ಮೂರು ವರ್ಷ ತುಂಬುವ ಮೊದಲೇ ರೈತನನ್ನು ಕರೆಸಿ ಹೊಸ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ. ಹಳೇ ಬಾಕಿ ಬಡ್ಡಿಯೆಲ್ಲ ಹೊಸ ಪತ್ರದಲ್ಲಿ ಅಸಲಾಯಿತು, ಅದರ ಮೇಲೆ ಮತ್ತೆ ಬಡ್ಡಿ. ಬಡ್ಡಿಯೇ ಅಸಲಾದ ಮೇಲೆ ದಾಮ್‌ದುಪ್ಪಟ್ ಯಾವ ಕೆಲಸಕ್ಕೆ ಬಂತು!

1875ರ ಮೇ 12ರಂದು ಪುಣೆ ಜಿಲ್ಲೆಯ ಸೂಪಾದಲ್ಲಿ ರೈತರು ಸಾಹುಕಾರರ ಅಂಗಡಿಗಳಿಗೆ ನುಗ್ಗಿದರು. ಅವರು ಮುಖ್ಯವಾಗಿ ಕೇಳಿದ್ದು ಲೆಕ್ಕದ ಪುಸ್ತಕ, ಸಾಲಪತ್ರ. ಸಿಕ್ಕವನ್ನು ಸುಟ್ಟರು. ದಂಗೆ ಅಹಮದ್‌ನಗರಕ್ಕೂ ಹಬ್ಬಿತು. ಸರ್ಕಾರ ಆಯೋಗ ಕೂರಿಸಿ, 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ತಂದಿತು. ಪತ್ರದಲ್ಲಿ ಬರೆದಿದ್ದನ್ನೇ ನಂಬದೆ ಸಾಲದ ಇತಿಹಾಸವನ್ನೆಲ್ಲ ಕೆದಕುವ ಅಧಿಕಾರ ಕೋರ್ಟಿಗೆ ಬಂತು. ತಮಾಷೆ ನೋಡಿ, ರೈತನ ಒಳ್ಳೆಯದಕ್ಕೆಂದೇ ಈ ಸಲ ವಾಯಿದೆಯನ್ನು ಹೆಚ್ಚಿಸಿದರು: ನೋಂದಾಯಿಸಿದ ಪತ್ರಕ್ಕೆ 12 ವರ್ಷ, ಇಲ್ಲದಿದ್ದರೆ 6.

ಈಗ ನಡೆಯುತ್ತಿರುವುದು 1963ರ ಕಾಯ್ದೆ. ಸಾಮಾನ್ಯ ಸಾಲಕ್ಕೆ ಮತ್ತೆ ಮೂರೇ ವರ್ಷ. ಹಾಗಂತ ವಾಯಿದೆ ಮೀರಿದ ಸಾಲ ಸತ್ತುಹೋಗುವುದಿಲ್ಲ. ದಾವೆ ಹಾಕುವ ದಾರಿ ಮುಚ್ಚುತ್ತದೆ ಅಷ್ಟೆ, ಸಾಲ ಉಳಿದೇ ಇರುತ್ತದೆ ಅಂತ ಸುಪ್ರೀಂ ಕೋರ್ಟು 1957ರಲ್ಲೇ ಹೇಳಿದೆ. ಅವಧಿಯೊಳಗೆ ಸಾಲ ಒಪ್ಪಿಕೊಂಡು ಸಹಿ ಹಾಕಿದರೆ ಎಣಿಕೆ ಹೊಸದಾಗಿ ಶುರು. ಅವಧಿ ಮುಗಿದ ಮೇಲೂ "ತೀರಿಸುತ್ತೇನೆ" ಅಂತ ಬರೆದು ಸಹಿ ಹಾಕಿದರೆ, 1872ರ ಕರಾರು ಕಾಯ್ದೆಯ 25(3)ನೇ ಕಲಮಿನಂತೆ ಕೋರ್ಟಿಗೆ ಹೋಗುವ ದಾರಿ ಮತ್ತೆ ತೆರೆಯುತ್ತದೆ. ಅಂದರೆ ಸಾಹುಕಾರನ ಆ ಹಳೇ ಉಪಾಯಕ್ಕೆ ಇವತ್ತೂ ಜಾಗ ಇದೆ. ಹಳೇ ಸಾಲಕ್ಕೆ ಯಾರಾದರೂ "ಸುಮ್ನೆ ಒಂದು ಸೈನ್ ಹಾಕಿ" ಅಂದರೆ ಮೊದಲು ಕಾಗದದ ತಾರೀಖು ನೋಡಿ.

ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಸಾಲಪತ್ರಗಳಿವೆಯಾ? ಮೂರು ಮೂರು ವರ್ಷಕ್ಕೆ ಹೊಸದಾಗಿ ಬರೆಸಿದ್ದಾರಾ ನೋಡಿ ಹೇಳಿ.