ಸೆಲುಮೆಟಿನಿಬ್

ಸೆಲುಮೆಟಿನಿಬ್ ಎಂಬುದು ಒಂದನೆಯ ವಿಧದ ನ್ಯೂರೋಫೈಬ್ರೊಮಾಟೋಸಿಸ್ (ಸಂಕ್ಷಿಪ್ತವಾಗಿ ಎನ್‌ಎಫ್1) ಎಂಬ ಆನುವಂಶಿಕ ಕಾಯಿಲೆಯಲ್ಲಿ ನರಗಳ ಉದ್ದಕ್ಕೂ ಬೆಳೆಯುವ ಗಡ್ಡೆಗಳನ್ನು ಕುಗ್ಗಿಸಲು ಬಳಸುವ, ಬಾಯಿಯ ಮೂಲಕ ಸೇವಿಸುವ ಔಷಧ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2020ರ ಏಪ್ರಿಲ್ 10ರಂದು ಇದಕ್ಕೆ ಅನುಮೋದನೆ ನೀಡಿತು. ಈ ಕಾಯಿಲೆಗೆಂದು ಆ ಸಂಸ್ಥೆಯ ಅನುಮೋದನೆ ಪಡೆದ ಮೊದಲ ಔಷಧ ಇದು. ಕೊಸೆಲುಗೊ ಎಂಬುದು ಇದರ ವಾಣಿಜ್ಯ ಹೆಸರು.

ಕಾಯಿಲೆಯ ಹಿನ್ನೆಲೆ

ಸುಮಾರು 3,000 ಶಿಶುಗಳಲ್ಲಿ ಒಂದಕ್ಕೆ ಎನ್‌ಎಫ್1 ಇರುತ್ತದೆ. 17ನೆಯ ವರ್ಣತಂತುವಿನಲ್ಲಿರುವ ಒಂದು ವಂಶವಾಹಿಯ ದೋಷ ಇದಕ್ಕೆ ಕಾರಣ. ಸುಮಾರು ಅರ್ಧದಷ್ಟು ರೋಗಿಗಳಿಗೆ ಈ ದೋಷವು ತಂದೆ ಅಥವಾ ತಾಯಿಯಿಂದ ಬಂದಿರುತ್ತದೆ. ಉಳಿದವರಲ್ಲಿ ಹೊಸದಾಗಿ ಉಂಟಾಗಿರುತ್ತದೆ. ಚರ್ಮದ ಮೇಲಿನ ಕಂದು ಮಚ್ಚೆಗಳು ಇದರ ಸಾಮಾನ್ಯ ಲಕ್ಷಣ. ಹಲವರಲ್ಲಿ ಪ್ಲೆಕ್ಸಿಫಾರ್ಮ್ ನ್ಯೂರೋಫೈಬ್ರೊಮಾ ಎಂಬ ಗಡ್ಡೆಗಳು ಜಾಲದಂತೆ ಹರಡಿ ನೋವು, ಅಂಗವಿಕಾರ ಹಾಗೂ ಉಸಿರಾಟದ ತೊಂದರೆಯನ್ನು ಉಂಟುಮಾಡುತ್ತವೆ. ಕೆಲವು ಗಡ್ಡೆಗಳು ಮುಂದೆ ಕ್ಯಾನ್ಸರ್ ಆಗಿ ಮಾರ್ಪಡಬಹುದು. ಇವು ನರ ಮತ್ತು ರಕ್ತನಾಳಗಳನ್ನು ಸುತ್ತಿಕೊಂಡಿರುವುದರಿಂದ ಶಸ್ತ್ರಚಿಕಿತ್ಸೆಯ ಮೂಲಕ ಪೂರ್ತಿಯಾಗಿ ತೆಗೆಯುವುದು ಅನೇಕ ವೇಳೆ ಅಸಾಧ್ಯ.

ಕಾರ್ಯವಿಧಾನ

ದೋಷಯುಕ್ತ ವಂಶವಾಹಿಯನ್ನು 1990ರಲ್ಲಿ ಗುರುತಿಸಿದ ಬಳಿಕ ಔಷಧ ಸಂಶೋಧನೆಗೆ ದಿಕ್ಕು ದೊರೆಯಿತು. ಈ ವಂಶವಾಹಿಯು ನ್ಯೂರೋಫೈಬ್ರೊಮಿನ್ ಎಂಬ ಪ್ರೋಟೀನನ್ನು ತಯಾರಿಸುತ್ತದೆ. ಜೀವಕೋಶಕ್ಕೆ ಬೆಳೆಯುವಂತೆ ಸೂಚಿಸುವ ರಾಸ್ ಪ್ರೋಟೀನನ್ನು ಅದು ಹತೋಟಿಯಲ್ಲಿಡುತ್ತದೆ. ನ್ಯೂರೋಫೈಬ್ರೊಮಿನ್ ಇಲ್ಲವಾದಾಗ ರಾಸ್‌ನ ಸಂಕೇತವು ಮೆಕ್ ಎಂಬ ಕಿಣ್ವದ ಮೂಲಕ ನಿರಂತರವಾಗಿ ಹರಿಯುತ್ತದೆ. ಸೆಲುಮೆಟಿನಿಬ್ ಈ ಮೆಕ್ ಕಿಣ್ವವನ್ನು ತಡೆಯುತ್ತದೆ.

ವೈದ್ಯಕೀಯ ಪ್ರಯೋಗಗಳು

ಇದಕ್ಕೂ ಮೊದಲು ಟಿಪಿಫಾರ್ನಿಬ್, ಸಿರೊಲಿಮಸ್ ಮುಂತಾದ ಔಷಧಗಳನ್ನು ಪರೀಕ್ಷಿಸಲಾಗಿತ್ತಾದರೂ ಗಡ್ಡೆಗಳು ಕುಗ್ಗಿರಲಿಲ್ಲ. ಗಡ್ಡೆಗಳ ಆಕಾರ ಕ್ರಮಬದ್ಧವಲ್ಲದ ಕಾರಣ ಉದ್ದ ಅಗಲಗಳನ್ನಷ್ಟೇ ಅಳೆದರೆ ಸಾಲದು. ಆದ್ದರಿಂದ ಎಂಆರ್‌ಐ ಚಿತ್ರಗಳಿಂದ ಗಡ್ಡೆಯ ಒಟ್ಟು ಗಾತ್ರವನ್ನು ಲೆಕ್ಕಹಾಕುವ ವಿಧಾನವನ್ನು ಅನುಸರಿಸಲಾಯಿತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ನೇತೃತ್ವದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಮೊದಲ ಹಂತದ ಪ್ರಯೋಗದಲ್ಲಿ 24 ಮಕ್ಕಳ ಪೈಕಿ 17 ಮಕ್ಕಳ ಗಡ್ಡೆಗಳು ಶೇಕಡ 20 ಅಥವಾ ಅದಕ್ಕಿಂತ ಹೆಚ್ಚು ಕುಗ್ಗಿದವು. 2020ರಲ್ಲಿ ಪ್ರಕಟವಾದ ಎರಡನೆಯ ಹಂತದ ಪ್ರಯೋಗದಲ್ಲಿ 50 ಮಕ್ಕಳ ಪೈಕಿ 35 ಮಕ್ಕಳಲ್ಲಿ ಇದೇ ಪರಿಣಾಮ ದೃಢಪಟ್ಟಿತು; ನೋವೂ ಕಡಿಮೆಯಾಯಿತು. ಇದರ ಆಧಾರದ ಮೇಲೆ, ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದ ಮತ್ತು ತೊಂದರೆ ಕೊಡುತ್ತಿರುವ ಗಡ್ಡೆಗಳಿರುವ, 2 ವರ್ಷ ಅಥವಾ ಅದಕ್ಕೂ ಮೇಲ್ಪಟ್ಟ ವಯಸ್ಸಿನ ಮಕ್ಕಳಿಗೆ ಔಷಧವನ್ನು ಅನುಮೋದಿಸಲಾಯಿತು.

ಮಿತಿಗಳು ಮತ್ತು ಅಡ್ಡಪರಿಣಾಮಗಳು

ಈ ಔಷಧವು ವಂಶವಾಹಿಯ ದೋಷವನ್ನು ಸರಿಪಡಿಸುವುದಿಲ್ಲ. ಗಡ್ಡೆಗಳು ಸಂಪೂರ್ಣವಾಗಿ ಮಾಯವಾಗುವುದೂ ಇಲ್ಲ. ಸೇವನೆ ನಿಲ್ಲಿಸಿದರೆ ಅವು ಮತ್ತೆ ಬೆಳೆಯಬಹುದಾದ್ದರಿಂದ ಚಿಕಿತ್ಸೆ ಅನೇಕ ವರ್ಷ ಮುಂದುವರಿಯಬಹುದು. ವಾಂತಿ, ಭೇದಿ, ಚರ್ಮದ ಗುಳ್ಳೆಗಳು ಹಾಗೂ ಉಗುರಿನ ಸುತ್ತಲಿನ ಸೋಂಕು ಸಾಮಾನ್ಯ ಅಡ್ಡಪರಿಣಾಮಗಳು. ಹೃದಯ ಮತ್ತು ಕಣ್ಣುಗಳ ಮೇಲೂ ಪರಿಣಾಮ ಉಂಟಾಗಬಹುದಾದ್ದರಿಂದ ಅವುಗಳ ನಿಯತ ತಪಾಸಣೆ ಅಗತ್ಯ.

ನಂತರದ ಬೆಳವಣಿಗೆ

2025ರ ಫೆಬ್ರವರಿಯಲ್ಲಿ ಮಿರ್ಡಾಮೆಟಿನಿಬ್ ಎಂಬ ಮತ್ತೊಂದು ಮೆಕ್ ತಡೆ ಔಷಧಕ್ಕೆ ಅಮೆರಿಕದಲ್ಲಿ ಅನುಮೋದನೆ ದೊರೆಯಿತು. ಇದನ್ನು ಮಕ್ಕಳಿಗೆ ಮಾತ್ರವಲ್ಲದೆ ವಯಸ್ಕ ರೋಗಿಗಳಿಗೂ ನೀಡಬಹುದಾಗಿದೆ.