ಮಾಣಗಾವದ ವೇದಿಕೆ, ಲಂಡನ್ನಿನ ಪತ್ರ

ಇಚಲಕರಂಜಿಗೆ ಸಮೀಪದ ಮಾಣಗಾವದಲ್ಲಿ 1920ರ ಮಾರ್ಚ್ ತಿಂಗಳಲ್ಲಿ ನಡೆದ ಅಸ್ಪೃಶ್ಯರ ಪರಿಷತ್ತು ಕೊಲ್ಲಾಪುರ ಸೀಮೆಯ ಇತಿಹಾಸದಲ್ಲಿ ಚಿರಸ್ಮರಣೀಯವಾದುದು. ಅಧ್ಯಕ್ಷತೆ ವಹಿಸಿದ್ದ ಭೀಮರಾವ ಅಂಬೇಡ್ಕರರನ್ನು ಶಾಹೂ ಮಹಾರಾಜರು ಅಲ್ಲಿ ದಲಿತರ ಮುಂದಾಳೆಂದು ಸಾರಿದರು. ವೇದಿಕೆಯ ಮಾತು ಊರೂರಿಗೆ ಹಬ್ಬಿತು. ಅದರ ಹಿಂದಿನ ಕಷ್ಟವನ್ನು ತಿಳಿಯಬೇಕಾದರೆ ಇವರೀರ್ವರ ಪತ್ರವ್ಯವಹಾರವನ್ನು ನೋಡಬೇಕು.

ಅದೇ ಜನವರಿ 31ರಂದು ಆರಂಭವಾಗಿದ್ದ ‘ಮೂಕನಾಯಕ’ ಪತ್ರಿಕೆಗೆ ಮಹಾರಾಜರು 2500 ರೂಪಾಯಿಗಳ ನೆರವಿತ್ತಿದ್ದರು. ಜುಲೈ ತಿಂಗಳಲ್ಲಿ ಅಂಬೇಡ್ಕರರು ವ್ಯಾಸಂಗ ಪೂರೈಸಲು ಲಂಡನ್ನಿಗೆ ತೆರಳಿದರು. ಹಣದ ವಿನಿಮಯ ದರ ಬದಲಾಗಿ ಅವರ ಲೆಕ್ಕಾಚಾರ ತಲೆಕೆಳಗಾಯಿತು. 1921ರ ಸೆಪ್ಟೆಂಬರಿನಲ್ಲಿ ಮಹಾರಾಜರಿಗೆ ಪತ್ರ ಬರೆದು 200 ಪೌಂಡು ಕೇಳಿದರು. ಅರ್ಧ ಕಾನೂನು ವ್ಯಾಸಂಗಕ್ಕೆ, ಅರ್ಧ ಸ್ವದೇಶಕ್ಕೆ ಮರಳುವ ವೆಚ್ಚಕ್ಕೆ. ಕೇಳಿದ್ದು ಸಾಲವನ್ನು, ಬಡ್ಡಿಸಹಿತ ತೀರಿಸುವ ವಚನದೊಡನೆ. ಸಮಾಜದ ಮುಂದಾಳೆನಿಸಿಕೊಂಡವರೂ ಕೈಚಾಚಬೇಕಾಯಿತು. ಕೈಚಾಚುವಾಗಲೂ ಸ್ವಾಭಿಮಾನವನ್ನು ಬಿಡಲಿಲ್ಲ.

ಧಾರವಾಡದಲ್ಲಿ ಕಲಿತ ಮಹಾರಾಜರು 1917ರಲ್ಲಿಯೇ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಹಾಗೂ ಕಡ್ಡಾಯಗೊಳಿಸಿದ್ದರು. ಓದಿಗಾಗಿ ಪಡುವ ಪಾಡು ಅವರಿಗೆ ಅರಿಯದ ಸಂಗತಿಯಲ್ಲ. 1922ರ ಮೇ 6ರಂದು ಅವರು ತೀರಿಕೊಂಡಾಗ ಅಂಬೇಡ್ಕರರು ಲಂಡನ್ನಿನಿಂದಲೇ ರಾಜಾರಾಮ ಮಹಾರಾಜರಿಗೆ ಸಂತಾಪಪತ್ರ ಬರೆದರು. ಮರುವರ್ಷ ಸ್ವದೇಶಕ್ಕೆ ಮರಳಿ, 1924ರಲ್ಲಿ ಮುಂಬಯಿಯಲ್ಲಿ ಬಹಿಷ್ಕೃತ ಹಿತಕಾರಿಣೀ ಸಭೆಯನ್ನು ಕಟ್ಟಿದರು.

ಭಾಷಣಗಳು ಜಯವನ್ನು ಹೇಳುತ್ತವೆ. ಪತ್ರಗಳು ಅದರ ಬೆಲೆಯನ್ನು ಹೇಳುತ್ತವೆ. ಶಾಲೆಯ ನೂರು ವರ್ಷಗಳ ಕಥೆಯೂ ಹಾಗೆಯೇ. ನಮ್ಮ ಹಿರಿಯರ ಪೆಟ್ಟಿಗೆಗಳಲ್ಲಿರುವ ಹಳೆಯ ಕಾಗದಗಳನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಬಿಡಿಸಿ ಓದೋಣ.